ಅಮೆರಿಕದಲ್ಲಿ ವಾಣಿಜ್ಯ ಕಟ್ಟಡ ಇದೆಯೇ? ಕಾಸ್ಟ್ ಸೆಗ್ರಿಗೇಷನ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಅಮೆರಿಕದ ತೆರಿಗೆ ಲೆಕ್ಕದಲ್ಲಿ ಒಂದು ಆಫೀಸ್ ಕಟ್ಟಡ ಸವೆಯಲು 39 ವರ್ಷ ಬೇಕು. ಅದರೊಳಗೆ ಹಾಸಿದ ಕಾರ್ಪೆಟ್‌ಗೆ 5 ವರ್ಷ ಸಾಕು. ಹೊರಗಿನ ಪಾರ್ಕಿಂಗ್ ಜಾಗಕ್ಕೆ 15 ವರ್ಷ. ಆದರೆ ಕಟ್ಟಡ ಕೊಳ್ಳುವಾಗ ಇವೆಲ್ಲ ಒಂದೇ ಬೆಲೆಯಲ್ಲಿ ಒಟ್ಟಿಗೆ ಬರುತ್ತವೆ. ಹೆಚ್ಚಿನವರು ನೆಲದ ಬೆಲೆ ಕಳೆದು, ಉಳಿದದ್ದನ್ನು ಇಡಿಯಾಗಿ 39 ವರ್ಷದ ಪಟ್ಟಿಗೆ ಸೇರಿಸಿ ಸುಮ್ನಾಗುತ್ತಾರೆ. ಆ ಒಂದೇ ಬೆಲೆಯನ್ನು ಬಿಡಿಸಿ, ಯಾವುದು 5 ವರ್ಷದ್ದು, ಯಾವುದು 15, ಯಾವುದು 39 ಎಂದು ವಿಂಗಡಿಸುವ ಕೆಲಸಕ್ಕೆ ಕಾಸ್ಟ್ ಸೆಗ್ರಿಗೇಷನ್ ಎನ್ನುತ್ತಾರೆ. ಮಾತಿನಲ್ಲಿ ಎಲ್ಲರೂ ಕಾಸ್ಟ್ ಸೆಗ್ ಅಂತಲೇ ಕರೆಯುತ್ತಾರೆ. ಬೇಗ ಸವೆಯುವ ಪಾಲು ಹೆಚ್ಚಿದಷ್ಟೂ ಮೊದಲ ವರ್ಷಗಳ ಸವಕಳಿ, ಅಂದರೆ ಆದಾಯದಿಂದ ಕಳೆಯುವ ಡಿಪ್ರಿಸಿಯೇಷನ್, ಜಾಸ್ತಿ. ಅಷ್ಟು ತೆರಿಗೆ ಮುಂದಕ್ಕೆ ಹೋಗುತ್ತದೆ.

2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಬೋನಸ್ ಸವಕಳಿಯನ್ನು, ಅಂದರೆ ಬೇಗ ಸವೆಯುವ ವಸ್ತುಗಳ ಬೆಲೆಯನ್ನು ಮೊದಲ ವರ್ಷವೇ ಕಳೆಯುವ ಅವಕಾಶವನ್ನು, ಮತ್ತೆ ಶೇ. 100ಕ್ಕೆ ಏರಿಸಿ ಕಾಯಂ ಮಾಡಿದೆ. ಅಂದಿನಿಂದ ಕಾಸ್ಟ್ ಸೆಗ್ ಮಾಡಿಕೊಡುವ ಕಂಪನಿಗಳ ಫೋನು, ಈಮೇಲು ನಿಂತಿಲ್ಲ. ಸ್ವಂತ ಕ್ಲಿನಿಕ್ ಕಟ್ಟಡ ಇರುವ ಡಾಕ್ಟರು, ಮೋಟೆಲ್ ಅಥವಾ ಪೆಟ್ರೋಲ್ ಬಂಕ್ ನಡೆಸುವವರು, ಸ್ನೇಹಿತರ ಜೊತೆ ಸೇರಿ ಸ್ಟ್ರಿಪ್ ಮಾಲ್ ಕೊಂಡ ಸಾಫ್ಟ್‌ವೇರಿನವರು, ಎಲ್ಲರಿಗೂ ಈ ಕರೆ ಬಂದಿರುತ್ತದೆ. ‘ನಿಮ್ಮ ಕಟ್ಟಡದಲ್ಲಿ ಎಷ್ಟು ಹಣ ಅಡಗಿದೆ ಗೊತ್ತೇ?’ ಎಂದು ಅವರು ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಇನ್ನೊಂದು ತುದಿಯಿಂದ.

ಮೊದಲ ಹೆಜ್ಜೆ: ಬರುವ ನಷ್ಟ ನಿಮ್ಮ ಕೈಗೆ ಸಿಗುತ್ತದೆಯೇ?

ಕಾಸ್ಟ್ ಸೆಗ್ ಮಾಡಿಸಿದರೆ ಮೊದಲ ವರ್ಷ ಕಾಗದದ ಮೇಲೆ ದೊಡ್ಡ ನಷ್ಟ ಕಾಣಿಸುತ್ತದೆ. ಅದನ್ನು ನಿಮ್ಮ ಸಂಬಳದಿಂದಲೋ ಕ್ಲಿನಿಕ್ ಆದಾಯದಿಂದಲೋ ಕಳೆಯಬಹುದು ಎಂದುಕೊಂಡರೆ ಹುಷಾರು. ಬಾಡಿಗೆ ಆಸ್ತಿಯಿಂದ ಬರುವ ನಷ್ಟ ಸಾಮಾನ್ಯವಾಗಿ ‘ಪ್ಯಾಸಿವ್’ ನಷ್ಟ, ಅಂದರೆ ನೀವೇ ನಿಂತು ದುಡಿಯದ ಚಟುವಟಿಕೆಯದು. ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 469ರ ಪ್ರಕಾರ ಅದನ್ನು ಪ್ಯಾಸಿವ್ ಆದಾಯದ ಎದುರಿಗೆ ಮಾತ್ರ ಕಳೆಯಬೇಕು. ಅಂಥ ಆದಾಯ ಇಲ್ಲದಿದ್ದರೆ ನಷ್ಟ ಫಾರ್ಮ್ 8582ರಲ್ಲಿ ಕೂತು ಮುಂದಿನ ವರ್ಷಗಳಿಗೆ ಸಾಗುತ್ತಾ ಇರುತ್ತದೆ. ಕಳೆದುಹೋಗುವುದಿಲ್ಲ, ಆದರೆ ಈ ವರ್ಷದ ತೆರಿಗೆಗೆ ಪ್ರಯೋಜನವೂ ಇಲ್ಲ. ವರದಿಗೆ ಕೊಟ್ಟ ದುಡ್ಡು ಮಾತ್ರ ಈ ವರ್ಷವೇ ಹೋಗಿರುತ್ತದೆ.

ನೀವು ಯಾವ ಗುಂಪಿನಲ್ಲಿ ಬರುತ್ತೀರಿ ಎಂದು ಮೊದಲು ನೋಡಿಕೊಳ್ಳಿ.

ಒಂದು, ಪೂರ್ಣಾವಧಿ ಕೆಲಸ ಮಾಡುತ್ತಾ ಬಾಡಿಗೆ ಕಟ್ಟಡ ಇಟ್ಟುಕೊಂಡವರು. ಇವರಿಗಿರುವ ದೊಡ್ಡ ಬಾಗಿಲು ‘ರಿಯಲ್ ಎಸ್ಟೇಟ್ ಪ್ರೊಫೆಷನಲ್’ ಎಂಬ ದರ್ಜೆ. ವರ್ಷಕ್ಕೆ 750 ಗಂಟೆಗಿಂತ ಹೆಚ್ಚು ಕಾಲ ರಿಯಲ್ ಎಸ್ಟೇಟ್ ಕೆಲಸ ಮಾಡಿರಬೇಕು. ಜೊತೆಗೆ ನಿಮ್ಮ ಒಟ್ಟು ದುಡಿಮೆಯ ಅರ್ಧಕ್ಕಿಂತ ಹೆಚ್ಚು ಸಮಯ ಅದಕ್ಕೇ ಹೋಗಿರಬೇಕು. ವರ್ಷಕ್ಕೆ 2,000 ಗಂಟೆ ಕೋಡ್ ಬರೆಯುವವರು ಇನ್ನೊಂದು 2,000 ಗಂಟೆ ಕಟ್ಟಡದ ಹಿಂದೆ ಓಡಾಡಿದೆವು ಎಂದರೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಗಂಡ ಹೆಂಡತಿಯಲ್ಲಿ ಒಬ್ಬರು ಹೊರಗೆ ಕೆಲಸ ಮಾಡದೆ ಆಸ್ತಿಗಳನ್ನೇ ನೋಡಿಕೊಳ್ಳುತ್ತಿದ್ದರೆ ದಾರಿ ಇದೆ. ಈ ಎರಡು ಪರೀಕ್ಷೆಯನ್ನು ಒಬ್ಬರೇ ಪಾಸು ಮಾಡಬೇಕು, ಇಬ್ಬರ ಗಂಟೆ ಕೂಡಿಸುವ ಹಾಗಿಲ್ಲ. ಇದರ ಮೇಲೆ ಆ ಬಾಡಿಗೆ ಆಸ್ತಿಯಲ್ಲಿ ನೀವು ಸಕ್ರಿಯವಾಗಿ ತೊಡಗಿದ್ದೀರಿ ಎಂದೂ ತೋರಿಸಬೇಕು. ಅಲ್ಲಿ ಮಾತ್ರ ಇಬ್ಬರ ಗಂಟೆಗಳನ್ನು ಸೇರಿಸಬಹುದು. ರಿಪೇರಿ, ತೆರಿಗೆ, ವಿಮೆ ಎಲ್ಲವನ್ನೂ ಬಾಡಿಗೆದಾರನೇ ನೋಡಿಕೊಳ್ಳುವ ಟ್ರಿಪಲ್ ನೆಟ್ ಲೀಸ್ ಆದರೆ ತೋರಿಸಲು ಗಂಟೆಗಳೇ ಇರುವುದಿಲ್ಲ. ಗಂಟೆಗಳ ಡೈರಿಯನ್ನು ಅಂದಂದೇ ಬರೆದಿಡಿ. ನೋಟಿಸ್ ಬಂದ ಮೇಲೆ ನೆನಪಿನಿಂದ ಬರೆದ ಪಟ್ಟಿಗಳನ್ನು ತೆರಿಗೆ ನ್ಯಾಯಾಲಯ ಮತ್ತೆ ಮತ್ತೆ ತಳ್ಳಿಹಾಕಿದೆ.

ಎರಡು, ಸ್ವಂತ ಬಿಸಿನೆಸ್‌ಗೆ ಸ್ವಂತ ಕಟ್ಟಡವನ್ನು ಬಾಡಿಗೆ ಕೊಟ್ಟವರು. ಡಾಕ್ಟರು, ಡೆಂಟಿಸ್ಟು, ಡೇ ಕೇರ್ ನಡೆಸುವವರು ಬಹುಪಾಲು ಇಲ್ಲೇ ಬರುತ್ತಾರೆ. ಕಟ್ಟಡ ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿ, ಪ್ರಾಕ್ಟೀಸ್ ಒಂದು ಎಸ್ ಕಾರ್ಪೊರೇಷನ್ (ಲಾಭದ ತೆರಿಗೆ ಮಾಲೀಕರ ಕೈಯಲ್ಲಿ ಬೀಳುವ ಕಂಪನಿ) ಹೆಸರಿನಲ್ಲಿ, ನಡುವೆ ಒಂದು ಲೀಸು. ಇಲ್ಲಿನ ನಿಯಮ ಸ್ವಲ್ಪ ವಿಚಿತ್ರ. ಬಾಡಿಗೆಯಿಂದ ಲಾಭ ಬಂದರೆ ಅದು ಪ್ಯಾಸಿವ್ ಅಲ್ಲ ಎನ್ನುತ್ತದೆ ಕಾನೂನು. ನಷ್ಟ ಬಂದರೆ ಮಾತ್ರ ಪ್ಯಾಸಿವ್! ಎರಡು ಕಡೆಯಿಂದಲೂ ಐಆರ್‌ಎಸ್‌ಗೇ ಅನುಕೂಲ. ಇದರಿಂದ ಹೊರಬರಲು ಗ್ರೂಪಿಂಗ್ ಎಂಬ ವ್ಯವಸ್ಥೆ ಇದೆ. ಕಟ್ಟಡದಲ್ಲೂ ಪ್ರಾಕ್ಟೀಸಿನಲ್ಲೂ ಮಾಲೀಕತ್ವದ ಪಾಲು ಒಂದೇ ಆಗಿದ್ದರೆ ಎರಡನ್ನೂ ಒಂದೇ ಚಟುವಟಿಕೆ ಎಂದು ಘೋಷಿಸಿ ರಿಟರ್ನ್ ಜೊತೆ ಹೇಳಿಕೆ ಲಗತ್ತಿಸಬಹುದು. ಆಗ ಕಟ್ಟಡದ ನಷ್ಟ ಪ್ರಾಕ್ಟೀಸಿನ ಆದಾಯದ ಎದುರಿಗೆ ಬರುತ್ತದೆ. ಜಾಯಿಂಟ್ ರಿಟರ್ನ್ ಹಾಕುವ ದಂಪತಿಯನ್ನು ಇದಕ್ಕೆ ಒಬ್ಬರೇ ಎಂದು ಎಣಿಸುತ್ತಾರೆ. ಕಟ್ಟಡದಲ್ಲಿ ಭಾವಮೈದುನನದೂ ಪಾಲಿದ್ದು ಪ್ರಾಕ್ಟೀಸಿನಲ್ಲಿ ಇಲ್ಲದಿದ್ದರೆ ಇದು ಕೆಡುತ್ತದೆ. ಒಮ್ಮೆ ಮಾಡಿದ ಗ್ರೂಪಿಂಗನ್ನು ಮನಸ್ಸು ಬಂದ ಹಾಗೆ ಬಿಚ್ಚಲೂ ಆಗುವುದಿಲ್ಲ. ಪ್ರಾಕ್ಟೀಸ್ ಸಿ ಕಾರ್ಪೊರೇಷನ್ (ತಾನೇ ತೆರಿಗೆ ಕಟ್ಟುವ ಕಂಪನಿ) ಆಗಿದ್ದರೆ ಕಥೆಯೇ ಬೇರೆ, ಸಿಪಿಎ, ಅಂದರೆ ಅಮೆರಿಕದ ಅಧಿಕೃತ ಲೆಕ್ಕಿಗರ, ಹತ್ತಿರ ಕೂತೇ ನೋಡಬೇಕು.

ಮೂರು, ಹೋಟೆಲು, ಮೋಟೆಲಿನವರು. ಅತಿಥಿಗಳು ಸರಾಸರಿ 7 ದಿನ ಅಥವಾ ಅದಕ್ಕಿಂತ ಕಡಿಮೆ ಉಳಿಯುವುದಾದರೆ ಕಾನೂನು ಅದನ್ನು ಬಾಡಿಗೆ ಚಟುವಟಿಕೆ ಎಂದೇ ನೋಡುವುದಿಲ್ಲ. ನೀವೇ ನಿಂತು ನಡೆಸುತ್ತಿದ್ದರೆ (ವರ್ಷಕ್ಕೆ 500 ಗಂಟೆಗಿಂತ ಹೆಚ್ಚು ಎಂಬುದು ಸುಲಭದ ಅಳತೆ) ನಷ್ಟ ಪ್ಯಾಸಿವ್ ಆಗುವುದಿಲ್ಲ. ಕಾಸ್ಟ್ ಸೆಗ್‌ಗೆ ಇವರಷ್ಟು ಹೊಂದುವವರು ಕಡಿಮೆ.

ನಾಲ್ಕು, ಸಿಂಡಿಕೇಷನ್‌ಗೆ (ಹಲವರ ಹಣ ಕೂಡಿಸಿ ಕಟ್ಟಡ ಕೊಳ್ಳುವ ಕೂಟಕ್ಕೆ) ಐವತ್ತು ಸಾವಿರವೋ ಲಕ್ಷವೋ ಹಾಕಿ ವರ್ಷಕ್ಕೊಮ್ಮೆ ಕೆ-1, ಅಂದರೆ ತಮ್ಮ ಪಾಲಿನ ಲಾಭ ನಷ್ಟ ತಿಳಿಸುವ ಫಾರ್ಮ್, ಪಡೆಯುವವರು. ಇಲ್ಲಿ ಕಾಸ್ಟ್ ಸೆಗ್ ಮಾಡಿಸುವುದು ನೀವಲ್ಲ, ಕೂಟ ನಡೆಸುವ ಸ್ಪಾನ್ಸರ್. ಕೆ-1ರಲ್ಲಿ ದೊಡ್ಡ ನಷ್ಟ ಕಾಣಿಸುತ್ತದೆ, ನೋಡಲು ಚೆನ್ನಾಗಿರುತ್ತದೆ. ಸಂಬಳದ ತೆರಿಗೆ ಅದರಿಂದ ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಬೇರೆ ಪ್ಯಾಸಿವ್ ಲಾಭ ಇದ್ದರೆ ಅದಕ್ಕೆ ಹೊಂದಿಸಿಕೊಳ್ಳಬಹುದು, ಇಲ್ಲದಿದ್ದರೆ ಆ ಆಸ್ತಿ ಮಾರಾಟವಾಗುವ ತನಕ ಕಾಯಬೇಕು.

ಇನ್ನು ಬಾಡಿಗೆ ನಷ್ಟವನ್ನು 25,000 ಡಾಲರ್ ತನಕ ಸಂಬಳದಂಥ ಆದಾಯದಿಂದ ಕಳೆಯಬಹುದೆಂಬ ರಿಯಾಯಿತಿ ಬಗ್ಗೆ ಯಾರಾದರೂ ಹೇಳಿರಬಹುದು. ಆದಾಯ 1 ಲಕ್ಷ ಡಾಲರ್ ದಾಟಿದರೆ ಅದು ಕರಗುತ್ತಾ ಬಂದು 1.5 ಲಕ್ಷಕ್ಕೆ ಸೊನ್ನೆಯಾಗುತ್ತದೆ. ವಾಣಿಜ್ಯ ಕಟ್ಟಡ ಕೊಳ್ಳುವವರಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ.

ಈ ಹೆಜ್ಜೆಯಲ್ಲೇ ‘ನಷ್ಟ ಬಳಸಲು ಆಗುವುದಿಲ್ಲ’ ಎಂಬ ಉತ್ತರ ಬಂದರೆ ಸದ್ಯಕ್ಕೆ ಇಲ್ಲೇ ನಿಲ್ಲಿಸಿ. ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ. ಹಿಂದಿನ ವರ್ಷಗಳದ್ದನ್ನು ಆಮೇಲೆ ಹಿಡಿಯುವ ದಾರಿಯೂ ಇದೆ, ಮುಂದೆ ಹೇಳುತ್ತೇನೆ.

ಎರಡನೇ ಹೆಜ್ಜೆ: ತಾರೀಖು ನೋಡಿ

ಬೋನಸ್ ಸವಕಳಿ ಸಿಗುವುದು 20 ವರ್ಷ ಅಥವಾ ಅದಕ್ಕಿಂತ ಕಡಿಮೆ ಆಯಸ್ಸಿನ ವಸ್ತುಗಳಿಗೆ. 39 ವರ್ಷದ ಗೋಡೆ, ಸೂರಿಗೆ ಇಲ್ಲ. ದರ ಎಷ್ಟು ಎನ್ನುವುದು ತಾರೀಖಿನ ಮೇಲೆ ನಿಂತಿದೆ. 2017ರ ಸೆಪ್ಟೆಂಬರ್ 27ರ ನಂತರ ಕೊಂಡು 2022ರ ಕೊನೆಯೊಳಗೆ ಬಳಕೆಗೆ ತಂದಿದ್ದರೆ ಶೇ. 100. 2023ರಲ್ಲಿ ಶೇ. 80, 2024ರಲ್ಲಿ ಶೇ. 60. 2025ರ ಜನವರಿ 19ರ ನಂತರ ಕೊಂಡದ್ದಕ್ಕೆ ಮತ್ತೆ ಶೇ. 100.

‘ಕೊಂಡದ್ದು’ ಎಂದರೆ ರಿಜಿಸ್ಟರ್ ಆದ ದಿನ ಅಂದುಕೊಳ್ಳಬೇಡಿ. ಇಬ್ಬರನ್ನೂ ಕಟ್ಟಿಹಾಕುವ ಲಿಖಿತ ಒಪ್ಪಂದಕ್ಕೆ 2025ರ ಜನವರಿ 20ಕ್ಕೆ ಮುಂಚೆಯೇ ಸಹಿ ಹಾಕಿದ್ದರೆ, ಕ್ಲೋಸಿಂಗ್ (ದುಡ್ಡು ಕೊಟ್ಟು ಕಟ್ಟಡ ಕೈಗೆ ಬರುವುದು) ಏಪ್ರಿಲಿನಲ್ಲಿ ಆಗಿದ್ದರೂ ಹಳೇ ನಿಯಮವೇ. ಅಂದರೆ 2025ಕ್ಕೆ ಶೇ. 40. ಖರೀದಿ ಒಪ್ಪಂದದ ಪ್ರತಿ ಹುಡುಕಿ ಸಹಿಯ ತಾರೀಖು ನೋಡಿ.

ಹಳೇ ಕಟ್ಟಡ ಆದರೂ ಪರವಾಗಿಲ್ಲ, ನಿಮಗೆ ಹೊಸದಾಗಿದ್ದರೆ ಸಾಕು. ಇಷ್ಟು ವರ್ಷ ಬಾಡಿಗೆಗಿದ್ದ ಕಟ್ಟಡವನ್ನೇ ಈಗ ಕೊಂಡರೂ ಬೋನಸ್ ಸಿಗುತ್ತದೆ. ಬಾಡಿಗೆದಾರರಾಗಿ ನೀವೇ ಖರ್ಚು ಮಾಡಿ ಹಾಕಿಸಿ ಸವಕಳಿ ತೆಗೆದುಕೊಂಡ ಭಾಗಕ್ಕೆ ಮಾತ್ರ ಮತ್ತೆ ಸಿಗುವುದಿಲ್ಲ. ಅಪ್ಪನಿಂದಲೋ ನಿಮ್ಮದೇ ಇನ್ನೊಂದು ಕಂಪನಿಯಿಂದಲೋ ಕೊಂಡರೆ ಬೋನಸ್ ಇಲ್ಲ.

ಮೂರನೇ ಹೆಜ್ಜೆ: ನೆಲದ ಬೆಲೆ ತೆಗೆದಿಡಿ

ನೆಲ ಸವೆಯುವುದಿಲ್ಲ, ಅದಕ್ಕೆ ಸವಕಳಿಯೂ ಇಲ್ಲ. ಕೌಂಟಿಯ ಆಸ್ತಿ ತೆರಿಗೆ ರಸೀದಿಯಲ್ಲಿ ನೆಲಕ್ಕೂ ಕಟ್ಟಡಕ್ಕೂ ಬೇರೆ ಬೇರೆ ಬೆಲೆ ಇರುತ್ತದೆ. ಆ ಅನುಪಾತವನ್ನು ನಿಮ್ಮ ಖರೀದಿ ಬೆಲೆಗೆ ಹೊಂದಿಸುವುದು ಒಂದು ರೀತಿ, ಪರಿಣತರಿಂದ ಬೆಲೆ ಕಟ್ಟಿಸುವ ಅಪ್ರೈಸಲ್ ಮಾಡಿಸುವುದು ಇನ್ನೊಂದು. ನೆಲವೇ ದುಬಾರಿಯಾದ ಊರಿನಲ್ಲಿ, ಸ್ಯಾನ್‌ಹೋಸೆ ಸುತ್ತಮುತ್ತ ಅಂದುಕೊಳ್ಳಿ, ಬೆಲೆಯ ಅರ್ಧಕ್ಕಿಂತ ಹೆಚ್ಚು ನೆಲಕ್ಕೇ ಹೋದರೆ ಕಾಸ್ಟ್ ಸೆಗ್‌ಗೆ ಉಳಿಯುವುದೇ ಕಡಿಮೆ. ಅದೇ ಬೆಲೆಗೆ ಡಲ್ಲಾಸ್ ಹೊರವಲಯದಲ್ಲಿ ಕೊಂಡವರಿಗೆ ಕಟ್ಟಡದ ಪಾಲು ಜಾಸ್ತಿ ಇರಬಹುದು.

ನಾಲ್ಕನೇ ಹೆಜ್ಜೆ: ಕಟ್ಟಡದೊಳಗೆ ಒಂದು ಸುತ್ತು

ಒಳ್ಳೆ ಕಾಸ್ಟ್ ಸೆಗ್ ವರದಿಗೆ ಎಂಜಿನಿಯರ್ ಕಟ್ಟಡಕ್ಕೆ ಬಂದು ನೋಡಬೇಕು. ಅವರು ನೋಡುವ ರೀತಿ ಒಮ್ಮೆ ಗೊತ್ತಾದರೆ ವರದಿಯನ್ನು ನೀವೇ ಪರೀಕ್ಷಿಸಬಹುದು.

ಒಂದು ಡೆಂಟಲ್ ಕ್ಲಿನಿಕ್ ತೆಗೆದುಕೊಳ್ಳಿ. ಎಕ್ಸ್‌ರೇ ಕೋಣೆಯ ಒಂದೇ ಗೋಡೆಯಲ್ಲಿ ಎರಡು ಪ್ಲಗ್ ಪಾಯಿಂಟ್ ಇವೆ. ಒಂದು ಮಾಮೂಲಿಯದು, ರಾತ್ರಿ ಕ್ಲೀನಿಂಗ್‌ನವರು ವ್ಯಾಕ್ಯೂಮ್ ಹಾಕಿಕೊಳ್ಳುವುದು. ಇನ್ನೊಂದು ಎಕ್ಸ್‌ರೇ ಯಂತ್ರಕ್ಕೆಂದೇ ಪ್ಯಾನೆಲ್‌ನಿಂದ ಪ್ರತ್ಯೇಕ ವೈರು ಎಳೆದು ಕೂರಿಸಿದ್ದು. ಮೊದಲನೆಯದು ಕಟ್ಟಡದ ಭಾಗ, 39 ವರ್ಷ. ಎರಡನೆಯದು ಯಂತ್ರದ ಭಾಗ, 5 ವರ್ಷ. ಯಂತ್ರ ಎತ್ತಿಕೊಂಡು ಹೋದರೆ ಆ ವೈರಿಗೆ ಕೆಲಸವೇ ಇಲ್ಲ, ಅಲ್ವಾ? ತರ್ಕ ಅಷ್ಟೇ. ಪಕ್ಕದ ಕೋಣೆಗೆ ಬನ್ನಿ. ರೋಗಿ ಕೂರುವ ಕುರ್ಚಿಗೆ ನೆಲದಡಿಯಿಂದ ಬಂದ ನೀರಿನ ಪೈಪು, ಗಾಳಿ ಪೈಪು, ಸಕ್ಷನ್ ಪೈಪು 5 ವರ್ಷದ ಪಟ್ಟಿಗೆ. ಶೌಚಾಲಯದ ಪೈಪು 39ಕ್ಕೆ. ತೆಗೆಯಬಹುದಾದ ಕಾರ್ಪೆಟ್, ಗೋಡೆಗೆ ಅಂಟಿಸಿದ ವಿನೈಲ್, ರಿಸೆಪ್ಷನ್ ಕೌಂಟರು, ಔಷಧದ ಕಪಾಟು ಬೇಗ ಸವೆಯುವ ಕಡೆಗೆ. ಕಿಟಕಿ, ಬಾಗಿಲು, ಫಾಲ್ಸ್ ಸೀಲಿಂಗ್, ಇಡೀ ಕಟ್ಟಡ ತಂಪು ಮಾಡುವ ಎಸಿ, ಲಿಫ್ಟು ಎಲ್ಲ 39 ವರ್ಷದ್ದೇ. ಎಸಿ ಬರೀ ಸರ್ವರ್ ಕೋಣೆಗೆಂದು ಹಾಕಿದ್ದಾದರೆ ವಾದ ಮಾಡಬಹುದು.

ಹೊರಗೆ ಬಂದರೆ ಪಾರ್ಕಿಂಗಿನ ಡಾಂಬರು, ಕಾಲುದಾರಿ, ಬೇಲಿ, ಗಿಡಮರ, ಪಾರ್ಕಿಂಗಿನ ದೀಪದ ಕಂಬ 15 ವರ್ಷದ್ದು. ಪೆಟ್ರೋಲ್ ಬಂಕ್‌ನ ಅಂಗಡಿಯಂತೂ ನಿಯಮಕ್ಕೆ ಹೊಂದಿದರೆ ಕಟ್ಟಡಕ್ಕೆ ಕಟ್ಟಡವೇ 15 ವರ್ಷದ ಲೆಕ್ಕಕ್ಕೆ ಬರುತ್ತದೆ.

ಈ ವಿಂಗಡಣೆಗೆ ಗಟ್ಟಿ ಆಧಾರ ಸಿಕ್ಕಿದ್ದು 1997ರಲ್ಲಿ. ಹಾಸ್ಪಿಟಲ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಆಸ್ಪತ್ರೆ ಕಂಪನಿ ಐಆರ್‌ಎಸ್ ವಿರುದ್ಧ ತೆರಿಗೆ ನ್ಯಾಯಾಲಯಕ್ಕೆ ಹೋಗಿತ್ತು. ಹಿಂದೆ ಹೂಡಿಕೆಗೆ ತೆರಿಗೆ ಕ್ರೆಡಿಟ್ ಕೊಡಲು ಬಳಸುತ್ತಿದ್ದ ಪರೀಕ್ಷೆಗಳೇ ಸವಕಳಿಗೂ ಅನ್ವಯ ಎಂದು ನ್ಯಾಯಾಲಯ ಹೇಳಿತು. ಕಾರ್ಪೆಟ್, ವಿನೈಲ್ ಹೊದಿಕೆ ಮುಂತಾದವು ಗೆದ್ದವು. ಫಾಲ್ಸ್ ಸೀಲಿಂಗ್, ಬಾಯ್ಲರ್ ಸೋತವು. ನಿಮ್ಮ ವರದಿಯಲ್ಲಿ ಸೀಲಿಂಗ್ 5 ವರ್ಷಕ್ಕೆ ಬಂದು ಕೂತಿದ್ದರೆ ಬರೆದವರು ಈ ತೀರ್ಪು ಓದಿಲ್ಲ ಅಂತಲೇ ಅರ್ಥ.

ವರದಿ ಯಾರ ಹತ್ತಿರ ಮಾಡಿಸಬೇಕು? ಐಆರ್‌ಎಸ್ ತನ್ನ ಆಡಿಟರ್‌ಗಳಿಗೆಂದು ಬರೆದ ಕಾಸ್ಟ್ ಸೆಗ್ ಕೈಪಿಡಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಬಿಲ್ಲು, ನಕ್ಷೆ ಇಟ್ಟುಕೊಂಡು ವಸ್ತುವಾರು ಲೆಕ್ಕ ಹಾಕುವ ಎಂಜಿನಿಯರಿಂಗ್ ವಿಧಾನಕ್ಕೆ ಅಲ್ಲಿ ಹೆಚ್ಚು ಬೆಲೆ. ‘ಈ ಥರದ ಕಟ್ಟಡದಲ್ಲಿ ಶೇ. 25 ಇರುತ್ತೆ ಬಿಡಿ’ ಎಂಬ ಅಂದಾಜಿನ ವಿಧಾನವನ್ನು ಅದು ಅನುಮಾನದಿಂದ ನೋಡುತ್ತದೆ. ಉಳಿತಾಯವಾದ ತೆರಿಗೆಯಲ್ಲಿ ಇಷ್ಟು ಪಾಲು ಎಂದು ಶುಲ್ಕ ಕೇಳುವವರ ಬಗ್ಗೆಯೂ ಎಚ್ಚರಿಸುತ್ತದೆ. ಪಾಲು ಕೇಳುವವನು ಪಾಲು ಹೆಚ್ಚಿಸುವ ಹಾಗೇ ಲೆಕ್ಕ ಬರೆಯುತ್ತಾನೆ. ಒಪ್ಪಿಕೊಂಡ ಮೊತ್ತಕ್ಕೇ ಮಾಡಿಸಿ. ಮಾಮೂಲಿ ಗಾತ್ರದ ಕಟ್ಟಡಕ್ಕೆ ಇದು ಕೆಲವು ಸಾವಿರ ಡಾಲರ್ ಬಾಬ್ತು. ಆಡಿಟ್ ಬಂದರೆ ಜೊತೆಗೆ ನಿಲ್ಲುತ್ತೀರಾ, ಅದಕ್ಕೆ ಬೇರೆ ದುಡ್ಡೇ ಎಂದು ಮೊದಲೇ ಬರಹದಲ್ಲಿ ಕೇಳಿ.

ನೀವು ಕೊಡಬೇಕಾದ ಕಾಗದಗಳು: ಖರೀದಿ ಒಪ್ಪಂದ, ಕ್ಲೋಸಿಂಗ್ ಲೆಕ್ಕಪಟ್ಟಿ, ಅಪ್ರೈಸಲ್, ನಕ್ಷೆ, ಈಗಿನ ಸವಕಳಿ ಪಟ್ಟಿ. ಹೊಸದಾಗಿ ಕಟ್ಟಿಸಿದ್ದರೆ ಗುತ್ತಿಗೆದಾರ ಪ್ರತಿ ಕಂತಿಗೂ ಕೊಟ್ಟ ಜಿ702, ಜಿ703 ಬಿಲ್ಲುಗಳು ಚಿನ್ನ. ಯಾವ ಕೆಲಸಕ್ಕೆ ಎಷ್ಟು ಎಂದು ಅದರಲ್ಲೇ ಬಿಡಿಬಿಡಿಯಾಗಿ ಬರೆದಿರುತ್ತದೆ.

ಐದನೇ ಹೆಜ್ಜೆ: ಲೆಕ್ಕ ಹಾಕಿ ನೋಡೋಣ

ಒಂದು ಕಾಲ್ಪನಿಕ ಉದಾಹರಣೆ. ಟೆಕ್ಸಸ್‌ನ ಡಾಕ್ಟರ್ ದಂಪತಿ 2025ರ ಮೇ ತಿಂಗಳಲ್ಲಿ ಒಪ್ಪಂದ ಮಾಡಿ, ಜುಲೈಯಲ್ಲಿ 20 ಲಕ್ಷ ಡಾಲರ್‌ಗೆ ಕ್ಲಿನಿಕ್ ಕಟ್ಟಡ ಕೊಂಡು ಬಳಕೆಗೆ ತಂದರು. ನೆಲ 4 ಲಕ್ಷ, ಕಟ್ಟಡ 16 ಲಕ್ಷ.

ಕಾಸ್ಟ್ ಸೆಗ್ ಇಲ್ಲದಿದ್ದರೆ ಜುಲೈಯಲ್ಲಿ ಶುರುವಾದ 39 ವರ್ಷದ ಕಟ್ಟಡಕ್ಕೆ ಮೊದಲ ವರ್ಷದ ದರ ಶೇ. 1.177. ಸವಕಳಿ 18,832 ಡಾಲರ್.

ವರದಿ ಮಾಡಿಸಿದಾಗ 5 ವರ್ಷದ್ದು 2,40,000, 15 ವರ್ಷದ್ದು 1,60,000 ಎಂದು ಬಂತು ಅಂದುಕೊಳ್ಳಿ. ಈ 4 ಲಕ್ಷಕ್ಕೆ ಶೇ. 100 ಬೋನಸ್. ಉಳಿದ 12 ಲಕ್ಷಕ್ಕೆ ಶೇ. 1.177, ಅಂದರೆ 14,124. ಒಟ್ಟು 4,14,124 ಡಾಲರ್. ಮೊದಲಿಗಿಂತ 3,95,292 ಹೆಚ್ಚು. ಇದೇ ದಂಪತಿ ಒಪ್ಪಂದಕ್ಕೆ 2025ರ ಜನವರಿ 10ಕ್ಕೆ ಸಹಿ ಹಾಕಿದ್ದರೆ ಬೋನಸ್ ಶೇ. 40 ಮಾತ್ರ, ಒಟ್ಟು ಸವಕಳಿ 2,07,724. ಕೆಲವು ದಿನಗಳ ವ್ಯತ್ಯಾಸಕ್ಕೆ ಅರ್ಧಕ್ಕೆ ಅರ್ಧ ಹೋಯಿತು.

ಈಗ ಉಳಿತಾಯವಾದ ತೆರಿಗೆ ಎಷ್ಟು? ಮಾರಾಟದ ಕರೆಯಲ್ಲಿ ಇಡೀ ಮೊತ್ತವನ್ನು ಶೇ. 37ರಿಂದ ಗುಣಿಸಿ 1,46,000 ಎನ್ನುತ್ತಾರೆ. ಹಾಗಾಗುವುದಿಲ್ಲ. ಈ ದಂಪತಿಯ ತೆರಿಗೆಗೆ ಒಳಪಡುವ ಆದಾಯ 7 ಲಕ್ಷ ಎಂದರೆ, 3.95 ಲಕ್ಷ ಕಳೆಯುತ್ತಾ ಬಂದ ಹಾಗೆ ಮೊದಲ ಭಾಗ ಶೇ. 35ರ ಮೆಟ್ಟಿಲಲ್ಲಿ, ಮುಂದಿನದು ಶೇ. 32ರಲ್ಲಿ, ಕೊನೆಯ ಸುಮಾರು 90 ಸಾವಿರ ಶೇ. 24ರಲ್ಲಿ ಉಳಿಯುತ್ತದೆ. 2025ರ ಜಾಯಿಂಟ್ ದರಗಳಲ್ಲಿ ಒಟ್ಟು ಸುಮಾರು 1,25,000. ದೊಡ್ಡ ಮೊತ್ತವೇ, ಆದರೆ ಹೇಳಿದ್ದಕ್ಕಿಂತ 21 ಸಾವಿರ ಕಡಿಮೆ. ಈ 1,25,000 ಕೂಡ ಗ್ರೂಪಿಂಗ್ ಸರಿಯಾಗಿ ಆಗಿದ್ದರೆ ಮಾತ್ರ. ಇಲ್ಲದಿದ್ದರೆ ಈ ವರ್ಷ ಬಾಡಿಗೆಯ ಲಾಭ ಸೊನ್ನೆಯಾಗುತ್ತದೆ ಅಷ್ಟೇ, ಉಳಿದದ್ದು ಮುಂದಕ್ಕೆ.

ಇನ್ನೊಂದು ಮಿತಿ ಇದೆ. ಒಂದೇ ವರ್ಷದಲ್ಲಿ ಬಿಸಿನೆಸ್ ನಷ್ಟವನ್ನು ಸಂಬಳದಂಥ ಇತರ ಆದಾಯದ ಎದುರಿಗೆ ಎಷ್ಟು ಬೇಕಾದರೂ ಕಳೆಯುವಂತಿಲ್ಲ. 2025ಕ್ಕೆ ಜಾಯಿಂಟ್ ರಿಟರ್ನ್‌ಗೆ 6,26,000, ಒಬ್ಬರಿಗೆ 3,13,000. ಮೀರಿದ್ದು ಮುಂದಿನ ವರ್ಷಕ್ಕೆ.

ಬೋನಸ್ ತೆಗೆದುಕೊಳ್ಳಲೇಬೇಕು ಎಂದೇನಿಲ್ಲ. 5 ವರ್ಷದ ಗುಂಪಿಗೆ ಬೇಡ, 15ರದ್ದಕ್ಕೆ ಬೇಕು ಎಂದು ಗುಂಪುವಾರು ಬಿಡಬಹುದು. ಈ ವರ್ಷ ಆದಾಯ ಕಡಿಮೆ ಇದ್ದು, ಮುಂದಿನ ವರ್ಷಗಳಲ್ಲಿ ಏರುವುದು ಗೊತ್ತಿದ್ದರೆ ಬಿಡುವುದೇ ಜಾಣತನ. ಶೇ. 12ರ ಮೆಟ್ಟಿಲಿನಲ್ಲಿ ಸವಕಳಿ ಸುರಿದು ಏನು ಬಂತು?

ಆರನೇ ಹೆಜ್ಜೆ: ರಿಪೇರಿ, ನವೀಕರಣ ಮಾಡಿಸಿದ್ದರೆ

ಕಟ್ಟಡ ಕೊಂಡ ಮೇಲೆ ಒಳಗೆ ಮಾಡಿಸಿದ ಕೆಲಸಕ್ಕೆ ವರದಿ ಇಲ್ಲದೆಯೂ ಲಾಭ ಇದೆ. ವಾಣಿಜ್ಯ ಕಟ್ಟಡದ ಒಳಾಂಗಣದಲ್ಲಿ ನೀವೇ ಮಾಡಿಸಿದ ನವೀಕರಣ 15 ವರ್ಷದ ಲೆಕ್ಕಕ್ಕೆ ಬರುತ್ತದೆ, ಬೋನಸ್ ಸಹಿತ. ಕಟ್ಟಡ ದೊಡ್ಡದು ಮಾಡಿದ್ದು, ಲಿಫ್ಟು, ಎಸ್ಕಲೇಟರು, ಒಳಗಿನ ಆಧಾರ ರಚನೆ ಇದಕ್ಕೆ ಸೇರುವುದಿಲ್ಲ. 2017ರ ಕಾಯ್ದೆ ಬರೆಯುವಾಗ ಈ 15 ವರ್ಷ ಎಂಬುದನ್ನೇ ಬಿಟ್ಟುಬಿಟ್ಟಿದ್ದರು. 2020ರ ಕೋವಿಡ್ ಪರಿಹಾರ ಕಾಯ್ದೆಯಲ್ಲಿ ಹಿಂದಿನಿಂದಲೇ ಜಾರಿಯಾಗುವಂತೆ ಸರಿಪಡಿಸಿದರು. 2018, 2019ರಲ್ಲಿ ಒಳಾಂಗಣ ಮಾಡಿಸಿ 39ಕ್ಕೆ ಹಾಕಿದವರು ತಮ್ಮ ಪಟ್ಟಿ ತೆಗೆದು ನೋಡುವುದು ಒಳ್ಳೆಯದು.

ಸೂರು, ಎಸಿ, ಬೆಂಕಿ ಅಲಾರಂ, ಭದ್ರತಾ ವ್ಯವಸ್ಥೆ ಬದಲಿಸಿದ್ದರೆ, ಖರ್ಚನ್ನು ಆ ವರ್ಷವೇ ಕಳೆಯಲು ಬಿಡುವ ಸೆಕ್ಷನ್ 179 ನೋಡಿ. 2025ಕ್ಕೆ ಮಿತಿ 25 ಲಕ್ಷ ಡಾಲರ್. ಬಿಸಿನೆಸ್ ಆದಾಯಕ್ಕಿಂತ ಹೆಚ್ಚು ಕಳೆಯುವಂತಿಲ್ಲ, ಬಾಡಿಗೆಗೆ ಕೊಡುವ ವ್ಯಕ್ತಿಗಳಿಗೆ ಬೇರೆ ತಡೆಗಳೂ ಇವೆ. ಇನ್ನು ಹಳೇ ಸೂರು ಕಿತ್ತು ಹೊಸದು ಹಾಕಿಸಿದಾಗ ಹಳೆಯದರಲ್ಲಿ ಉಳಿದಿದ್ದ ಬೆಲೆಯನ್ನು ಆ ವರ್ಷವೇ ಕಳೆದುಬಿಡಬಹುದು. ಆದರೆ ಅದೇ ವರ್ಷದ ರಿಟರ್ನ್‌ನಲ್ಲಿ, ಗಡುವಿನೊಳಗೆ. ಬಹಳ ಜನ ಇದನ್ನು ಮರೆತು, ಕಸದ ಬುಟ್ಟಿ ಸೇರಿದ ಸೂರಿಗೆ ವರ್ಷಗಟ್ಟಲೆ ಸವಕಳಿ ಬರೆಯುತ್ತಿರುತ್ತಾರೆ.

ಏಳನೇ ಹೆಜ್ಜೆ: ಫಾರ್ಮು

ಈ ವರ್ಷ ಕೊಂಡ ಕಟ್ಟಡ ಆದರೆ ಸವಕಳಿ ತೋರಿಸುವ ಫಾರ್ಮ್ 4562 ಸಾಕು.

2021ರಲ್ಲೋ 2019ರಲ್ಲೋ ಕೊಂಡಿದ್ದು, ಆಗ ಯಾರೂ ಹೇಳಲಿಲ್ಲ ಎಂದಾದರೆ ಹಳೇ ರಿಟರ್ನ್‌ಗಳನ್ನು ಒಂದೊಂದಾಗಿ ತಿದ್ದುವ ಅಗತ್ಯ ಇಲ್ಲ. ಫಾರ್ಮ್ 3115 ಹಾಕಿ ಲೆಕ್ಕದ ವಿಧಾನ ಬದಲಿಸುತ್ತಿದ್ದೇನೆ ಎಂದು ಹೇಳಿದರಾಯಿತು. ಆ ಫಾರ್ಮಿನಲ್ಲಿ ಬರೆಯಬೇಕಾದ ಬದಲಾವಣೆ ಸಂಖ್ಯೆ 7. ಇಷ್ಟು ವರ್ಷ ತೆಗೆದುಕೊಳ್ಳಬಹುದಾಗಿದ್ದ ಹೆಚ್ಚುವರಿ ಸವಕಳಿ ಎಲ್ಲವೂ ಒಂದೇ ವರ್ಷದಲ್ಲಿ ಸಿಗುತ್ತದೆ. ಬೋನಸ್ ದರ ಕಟ್ಟಡ ಬಳಕೆಗೆ ಬಂದ ವರ್ಷದ್ದು, 2021 ಆದರೆ ಶೇ. 100. ಐಆರ್‌ಎಸ್ ಅನುಮತಿಗೆ ಕಾಯಬೇಕಿಲ್ಲ, ಶುಲ್ಕವೂ ಇಲ್ಲ. ಒಂದು ಪ್ರತಿ ರಿಟರ್ನ್ ಜೊತೆ, ಇನ್ನೊಂದು ಪ್ರತಿ ಐಆರ್‌ಎಸ್‌ಗೆ ಪ್ರತ್ಯೇಕವಾಗಿ. ಮೊದಲ ಹೆಜ್ಜೆಯಲ್ಲಿ ‘ಸದ್ಯಕ್ಕೆ ನಿಲ್ಲಿಸಿ’ ಎಂದದ್ದು ಇದಕ್ಕೇ. ಸಂಗಾತಿ ಕೆಲಸ ಬಿಟ್ಟು ಆಸ್ತಿ ನೋಡಿಕೊಳ್ಳಲು ಶುರು ಮಾಡಿದ ವರ್ಷ ಇದನ್ನು ಹಾಕಬಹುದು.

ಗಡುವು: ವ್ಯಕ್ತಿಗಳಿಗೆ ಏಪ್ರಿಲ್ 15, ವಿಸ್ತರಣೆ ಪಡೆದರೆ ಅಕ್ಟೋಬರ್ 15. ಪಾಲುದಾರಿಕೆ, ಎಸ್ ಕಾರ್ಪೊರೇಷನ್‌ಗೆ ಮಾರ್ಚ್ 15, ವಿಸ್ತರಣೆಯಲ್ಲಿ ಸೆಪ್ಟೆಂಬರ್ 15. ವರದಿ ತಯಾರಾಗಲು ವಾರಗಳೇ ಬೇಕು, ಮಾರ್ಚ್ ಕೊನೆಗೆ ಫೋನ್ ಮಾಡಿ ಅವಸರ ಮಾಡಬೇಡಿ. ವಿಸ್ತರಣೆ ಹಾಕಿ ನಿಧಾನವಾಗಿ ಮಾಡಿಸಿ.

ರಾಜ್ಯದ ತೆರಿಗೆ ಬೇರೆ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಬೋನಸ್ ಸವಕಳಿಯನ್ನು ಒಪ್ಪುವುದಿಲ್ಲ. ಅಲ್ಲಿ ಎರಡು ಸವಕಳಿ ಪಟ್ಟಿ ಇಟ್ಟುಕೊಂಡು ಹೋಗಬೇಕು. ಟೆಕ್ಸಸ್‌ನಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆಯೇ ಇಲ್ಲ.

ಎಂಟನೇ ಹೆಜ್ಜೆ: ಮಾರುವ ದಿನದ ಲೆಕ್ಕವನ್ನು ಇವತ್ತೇ ಹಾಕಿ

ಇಲ್ಲಿಯ ತನಕ ಬಂದದ್ದು ಸರ್ಕಾರ ಕೊಟ್ಟ ಉಡುಗೊರೆ ಅಂದುಕೊಂಡಿದ್ದರೆ ಇದನ್ನು ಗಮನವಿಟ್ಟು ಓದಿ. ಸವಕಳಿ ತೆಗೆದುಕೊಂಡಷ್ಟೂ ಕಟ್ಟಡದ ಪುಸ್ತಕದ ಬೆಲೆ ಇಳಿಯುತ್ತದೆ. ಮಾರಿದಾಗ ಲಾಭ ಅಷ್ಟೇ ಹಿಗ್ಗುತ್ತದೆ. ಕಾರ್ಪೆಟ್, ಕಪಾಟಿನಂಥ 5 ವರ್ಷದ ವಸ್ತುಗಳ ಲಾಭಕ್ಕೆ, ತೆಗೆದುಕೊಂಡ ಸವಕಳಿಯ ಮಟ್ಟಿಗೆ, ಸಂಬಳದ ದರದಲ್ಲೇ ತೆರಿಗೆ. ಪಾರ್ಕಿಂಗಿನಂಥ 15 ವರ್ಷದವುಗಳಲ್ಲಿ ಮಾಮೂಲಿ ನೇರ ಸವಕಳಿಗಿಂತ (ಪ್ರತಿ ವರ್ಷಕ್ಕೂ ಸಮನಾಗಿ ಹಂಚುವುದಕ್ಕಿಂತ) ಹೆಚ್ಚು ತೆಗೆದುಕೊಂಡ ಭಾಗಕ್ಕೂ ಹಾಗೆಯೇ. 39 ವರ್ಷದ ಕಟ್ಟಡದ ಸವಕಳಿಗೆ ಹೆಚ್ಚೆಂದರೆ ಶೇ. 25. ಅಂದರೆ ಕಾಸ್ಟ್ ಸೆಗ್ ಮಾಡಿಸಿದವರು ಮಾರುವಾಗ ಮಾಡಿಸದವರಿಗಿಂತ ಹೆಚ್ಚಿನ ದರ ಕಟ್ಟಬೇಕಾಗಬಹುದು. ಎರಡು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಬೇಡ. ಏಳೆಂಟು ವರ್ಷ ಇಟ್ಟುಕೊಳ್ಳುವುದಾದರೆ, ಮುಂಚೆಯೇ ಕೈಗೆ ಬಂದ ಹಣ ಆ ವರ್ಷಗಳಲ್ಲಿ ದುಡಿದ ಲಾಭ ನಿಮ್ಮದು.

ಮಾರುವ ಒಪ್ಪಂದದಲ್ಲಿ ಒಂದು ಕೆಲಸ ಮರೆಯಬೇಡಿ. ಬೆಲೆಯಲ್ಲಿ ಯಾವುದಕ್ಕೆ ಎಷ್ಟು ಎಂದು ಹಂಚಿ ಬರೆಯಿರಿ. ನಮ್ಮ ಉದಾಹರಣೆಯ 2,40,000ದ ವಸ್ತುಗಳು ಎಂಟು ವರ್ಷದ ನಂತರ ನಿಜವಾಗಿ 40,000 ಬಾಳುತ್ತವೆ ಎಂದಿಟ್ಟುಕೊಳ್ಳಿ. ಅಷ್ಟನ್ನೇ ಬರೆದರೆ ಸಂಬಳದ ದರ ಬೀಳುವುದು 40,000ಕ್ಕೆ ಮಾತ್ರ. ಹಳಸಿದ ಕಾರ್ಪೆಟ್‌ಗೆ ಹೊಸದರ ಬೆಲೆ ಯಾರು ಕೊಡುತ್ತಾರೆ? ಬರೆಯದೆ ಬಿಟ್ಟರೆ ಆಮೇಲೆ ಐಆರ್‌ಎಸ್ ಹೇಳಿದ ಹಂಚಿಕೆಯ ಜೊತೆ ಗುದ್ದಾಡಬೇಕಾಗುತ್ತದೆ.

ಸೆಕ್ಷನ್ 1031ರ ಪ್ರಕಾರ ಆಸ್ತಿಗೆ ಆಸ್ತಿ ವಿನಿಮಯ ಮಾಡಿ ಇನ್ನೊಂದು ಕಟ್ಟಡ ಕೊಂಡರೆ ತೆರಿಗೆ ಮುಂದಕ್ಕೆ ಹೋಗುತ್ತದೆ. ಆದರೆ 5 ವರ್ಷದ ವಸ್ತುಗಳು ಹೆಚ್ಚಿರುವ ಮೋಟೆಲ್ ಕೊಟ್ಟು ಬರಿಯ ಗೋದಾಮು ತೆಗೆದುಕೊಂಡರೆ ಒಂದಿಷ್ಟು ತೆರಿಗೆ ಆಗಲೇ ಬೀಳಬಹುದು. ಮಾಲೀಕರು ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದರೆ ಬೆಲೆ ಆ ದಿನದ ಮಾರುಕಟ್ಟೆ ದರಕ್ಕೆ ಏರುತ್ತದೆ, ಹಳೇ ಸವಕಳಿಯ ಬಾಕಿ ಅಲ್ಲಿಗೆ ಮುಗಿಯುತ್ತದೆ.

ಬೆಂಗಳೂರಿನ ಅಂಗಡಿಗೂ ಮಾಡಬಹುದೇ?

ಈ ಪ್ರಶ್ನೆ ಅಮೆರಿಕದ ಕನ್ನಡಿಗರಿಂದ ಬರದೇ ಇರುವುದಿಲ್ಲ. ಜಯನಗರದಲ್ಲಿ ಬಾಡಿಗೆಗೆ ಕೊಟ್ಟ ಮಳಿಗೆ ಇದೆ, ಆ ಬಾಡಿಗೆ ಅಮೆರಿಕದ ರಿಟರ್ನ್‌ನಲ್ಲೂ ತೋರಿಸಬೇಕು, ಹಾಗಾದರೆ ಬೋನಸ್ ಸವಕಳಿ? ಇಲ್ಲ. ಅಮೆರಿಕದ ಹೊರಗಿರುವ ಆಸ್ತಿಗೆ ನಿಧಾನದ ಪರ್ಯಾಯ ಪಟ್ಟಿ ಕಡ್ಡಾಯ. ವಾಣಿಜ್ಯ ಕಟ್ಟಡಕ್ಕೆ 40 ವರ್ಷ, ನೇರ ಸವಕಳಿ, ಬೋನಸ್ ಇಲ್ಲವೇ ಇಲ್ಲ.

ಭಾರತದ ರಿಟರ್ನ್‌ನಲ್ಲಿ ಲೆಕ್ಕವೇ ಬೇರೆ. ಬಾಡಿಗೆಯು ‘ಮನೆ ಆಸ್ತಿಯ ಆದಾಯ’ ಎಂಬ ಶೀರ್ಷಿಕೆಯ ಅಡಿ ಬಂದರೆ ಪಾಲಿಕೆ ತೆರಿಗೆ ಕಳೆದ ಮೇಲೆ ಶೇ. 30ರಷ್ಟು ನೇರ ಕಡಿತ ಸಿಗುತ್ತದೆ. ಅಲ್ಲಿ ಸವಕಳಿ ಕೇಳುವಂತಿಲ್ಲ. ಅದೇ ಮಳಿಗೆಯಲ್ಲಿ ನೀವೇ ವ್ಯಾಪಾರ ಮಾಡುತ್ತಿದ್ದರೆ ಕಟ್ಟಡಕ್ಕೆ ವರ್ಷಕ್ಕೆ ಶೇ. 10, ಪೀಠೋಪಕರಣಕ್ಕೆ ಶೇ. 10, ಯಂತ್ರಗಳಿಗೆ ಶೇ. 15, ಕಂಪ್ಯೂಟರಿಗೆ ಶೇ. 40 ಸವಕಳಿ, ಇಳಿಯುತ್ತಾ ಹೋಗುವ ಬೆಲೆಯ ಮೇಲೆ. ಹೀಗಾಗಿ ಒಂದೇ ಅಂಗಡಿಯ ಒಂದೇ ಬಾಡಿಗೆಗೆ ಎರಡು ದೇಶದಲ್ಲಿ ಎರಡು ಲಾಭದ ಅಂಕಿ ಬರುತ್ತವೆ. ಭಾರತದಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಕೇಳುವ ಫಾರ್ಮ್ 1116 ತುಂಬುವಾಗ ಅಮೆರಿಕದ ಅಂಕಿಯನ್ನೇ ಹಿಡಿಯಬೇಕು. ಭಾರತದ ವರ್ಷ ಏಪ್ರಿಲಿನಿಂದ ಮಾರ್ಚ್, ಅಮೆರಿಕದ್ದು ಜನವರಿಯಿಂದ ಡಿಸೆಂಬರ್. ಬಾಡಿಗೆಯ ರಸೀದಿಗಳನ್ನು ತಿಂಗಳುವಾರು ಇಟ್ಟುಕೊಂಡರೆ ಎರಡೂ ಕಡೆಯ ಆಡಿಟರಿಗೆ ಕೆಲಸ ಹಗುರಾಗುತ್ತದೆ.